ಗಂಧ ಮೆತ್ತಿದ ವಾಲ್ವುಗಳು

ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚುವ ಮೊದಲು ಆಂಪ್ಲಿಫೈಯರ್ ಹಚ್ಚುತ್ತೇವೆ. ಹಚ್ಚುವುದು ಎಂದೇ ಹೇಳುವ ರೂಢಿ. ಸ್ವಿಚ್ ಒತ್ತಿದ ಕೂಡಲೇ ಹಾಡುವ ಯಂತ್ರವಲ್ಲ ಅದು. ಒಳಗಿರುವ ಗಾಜಿನ ವಾಲ್ವುಗಳು ಒಲೆಯ ಹಾಗೆ ಕಾಯಬೇಕು. ಮೊದಲು ಗಾಜಿನೊಳಗೆ ಕೆಂಪಗೆ ಒಂದು ಎಳೆ ಕಾಣಿಸುತ್ತದೆ, ಆಮೇಲೆ ಗುಂಯ್ ಎಂದು ಸಣ್ಣ ಸದ್ದು, ಕೊನೆಗೆ ಸಂಗೀತ. ಅಷ್ಟರಲ್ಲಿ ನಾನು ಕೈಕಾಲು ತೊಳೆದು, ದೇವರ ಮುಂದೆ ದೀಪವಿಟ್ಟು, ಕಾಫಿ ಬೆರೆಸಿಕೊಂಡು ಬಂದಿರುತ್ತೇನೆ. ಯಜಮಾನರು ತೀರಿಕೊಂಡ ಮೇಲೂ, ಎರಡು ಸಂಜೆ ಬಿಟ್ಟರೆ, ಈ ಕ್ರಮ ತಪ್ಪಿಲ್ಲ.

ನಾನು ಮಧುಗಿರಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಹೆರಿಗೆ ವಾರ್ಡಿನಲ್ಲೇ ಹೆಚ್ಚಿನ ಸರ್ವೀಸು ಕಳೆಯಿತು. ಕತ್ತರಿ ಇಡುವ ಜಾಗದಲ್ಲಿ ಕತ್ತರಿ, ಹತ್ತಿ ಇಡುವ ಜಾಗದಲ್ಲಿ ಹತ್ತಿ. ಕತ್ತಲಲ್ಲಿ ಕೈ ಚಾಚಿದರೂ ಬೇಕಾದದ್ದು ಸಿಗಬೇಕು ಎಂದು ನಮಗೆ ಕಲಿಸಿದ್ದರು. ಮನೆಯನ್ನೂ ಹಾಗೇ ಇಟ್ಟುಕೊಂಡೆ. ಯಜಮಾನರು ಟೆಲಿಫೋನ್ ಇಲಾಖೆಯವರು. ನನಗೆ ಪೂರ್ತಿ ವಿರುದ್ಧ. ಕುಳಿತರೆಂದರೆ ಕುಳಿತರು, ಎಬ್ಬಿಸಲು ಯಾರಿಂದಲೂ ಆಗುತ್ತಿರಲಿಲ್ಲ. ತಂತಿ, ತಿರುಪು, ಸ್ಕ್ರೂಡ್ರೈವರು ಊಟದ ತಟ್ಟೆಯ ಪಕ್ಕದಲ್ಲೇ ಬಿದ್ದಿರುತ್ತಿದ್ದವು.

ಅವರನ್ನು ಪಾವಗಡಕ್ಕೆ ವರ್ಗ ಮಾಡಿದ್ದಾಗ ಆ ಕಡೆಯ ಒಂದು ಟೂರಿಂಗ್ ಟಾಕೀಸು ಮುಚ್ಚಿತು. ಡೇರೆ ಒಬ್ಬರ ಪಾಲಾಯಿತು, ಕುರ್ಚಿಗಳು ಇನ್ನೊಬ್ಬರ ಪಾಲಾದವು. ಯಾರಿಗೂ ಬೇಡವಾದ ಆಂಪ್ಲಿಫೈಯರನ್ನು ಇವರು ಬಸ್ಸಿನ ಮೇಲೆ ಹಾಕಿಸಿಕೊಂಡು ಮಧುಗಿರಿಗೆ ತಂದರು. ಇಳಿಸಿದಾಗ ಅದರೊಳಗಿಂದ ಒಂದು ಹಲ್ಲಿ ಓಡಿತು. ತಿಂಗಳುಗಟ್ಟಲೆ ಬಿಚ್ಚಿದರು, ಕಟ್ಟಿದರು, ಮತ್ತೆ ಬಿಚ್ಚಿದರು. ಕಡೆಗೊಂದು ಸಂಜೆ ನಾನು ಡ್ಯೂಟಿ ಮುಗಿಸಿ ಬಂದಾಗ ಬೀದಿಯ ತಿರುವಿನಲ್ಲೇ ಕೊಳಲಿನ ನಾದ ಕೇಳಿಸಿತು. ಮೆಟ್ಟಿಲ ಮೇಲೆ ನಿಂತುಬಿಟ್ಟೆ. ವಾರ್ಡಿನ ಕೂಗಾಟವನ್ನೆಲ್ಲ ಕಿವಿಯಲ್ಲಿ ತುಂಬಿಕೊಂಡು ಬಂದವಳಿಗೆ ಆ ನಾದ ಬೆಚ್ಚಗಿನ ನೀರು ಹೊಯ್ದ ಹಾಗಿತ್ತು. ಅಂದಿನಿಂದ ನಾನು ಬರುವ ಹೊತ್ತಿಗೆ ಸರಿಯಾಗಿ ಅದನ್ನು ಕಾಯಿಸಿಡುವುದು ಅವರ ಪಾಲಿನ ಕೆಲಸವಾಯಿತು. ಅವರ ಇಡೀ ದಿನದಲ್ಲಿ ಹೊತ್ತಿಗೆ ಸರಿಯಾಗಿ ನಡೆಯುತ್ತಿದ್ದುದು ಅದೊಂದೇ.

ಆಯುಧಪೂಜೆ ಬಂತೆಂದರೆ ಎಲ್ಲರೂ ಗಾಡಿ ತೊಳೆಯುತ್ತಿದ್ದರು, ಇವರು ವಾಲ್ವು ತೊಳೆಯುತ್ತಿದ್ದರು. ಆಂಪ್ಲಿಫೈಯರಿನಿಂದ ಒಂದೊಂದನ್ನೇ ಕಿತ್ತು, ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟಿದ್ದ ಹಳೇ ವಾಲ್ವುಗಳನ್ನೂ ತೆಗೆದು, ಪೇಪರಿನ ಮೇಲೆ ಸಾಲಾಗಿ ಇಡುತ್ತಿದ್ದರು. ಒದ್ದೆ ಬಟ್ಟೆಯಲ್ಲಿ ಪ್ರತಿಯೊಂದನ್ನೂ ಒರೆಸಿ, ಕಲ್ಲಿನ ಮೇಲೆ ತೇಯ್ದ ಗಂಧದಲ್ಲಿ ಗಾಜಿನ ಮೇಲೊಂದು ಗೀಟು ಎಳೆದು, ನಡುವೆ ಕುಂಕುಮ ಇಡುತ್ತಿದ್ದರು. ವಾಲ್ವಿನ ಗಾಜಿನ ಮೇಲೆ ಅದರ ನಂಬರನ್ನು ಬಿಳಿ ಬಣ್ಣದಲ್ಲಿ ಅಚ್ಚು ಹಾಕಿರುತ್ತಾರೆ. ಆ ಬಣ್ಣ ಬಲು ದುರ್ಬಲ. ಒಂದು ಹಬ್ಬಕ್ಕೆ ಮಾಸಿತು, ಮುಂದಿನ ಹಬ್ಬಕ್ಕೆ ಅರ್ಧ ಹೋಯಿತು, ಅದರ ಮುಂದಿನ ಹಬ್ಬಕ್ಕೆ ಎಲ್ಲವೂ ಬರಿಗಾಜು.

‘ರೀ, ಲೇಬಲ್ ಇಲ್ಲದ ಬಾಟಲಿ ನಮ್ಮಲ್ಲಾದರೆ ನೇರ ಚರಂಡಿಗೆ’ ಎಂದು ಪ್ರತಿವರ್ಷ ಹೇಳುತ್ತಿದ್ದೆ.

‘ನೀನೇನು ಹೆಸರು ಹಣೆ ಮೇಲೆ ಬರ್ಕೊಂಡಿದ್ದೀಯೇನೆ? ನಂಗೆ ಗುರುತು ಸಿಗಲ್ವಾ?’ ಎಂದು ಅವರೂ ಪ್ರತಿವರ್ಷ ಹೇಳುತ್ತಿದ್ದರು.

ಪೂಜೆ ಮುಗಿದು ವಾಲ್ವುಗಳು ಮತ್ತೆ ತಮ್ಮ ಜಾಗದಲ್ಲಿ ಕುಳಿತು ಕಾಯತೊಡಗಿದರೆ, ಗಾಜಿನ ಮೇಲಿನ ಗಂಧ ಬಿಸಿಗೆ ಪರಿಮಳ ಬಿಡುತ್ತಿತ್ತು. ಕೊಳಲಿನ ನಾದದ ಜೊತೆಗೆ ಗಂಧದ ವಾಸನೆ ಕೋಣೆ ತುಂಬುತ್ತಿತ್ತು. ಹಬ್ಬ ಕಳೆದು ಎಷ್ಟೋ ದಿನ ಹಾಗೆ ಬರುತ್ತಿತ್ತು. ಬರಬರುತ್ತ ಕಡಿಮೆಯಾಗಿ, ಗಂಧವೆಲ್ಲ ಸುಟ್ಟು ಕಂದು ಬಣ್ಣದ ಪೊರೆಯಾಗಿ ಗಾಜಿಗೆ ಅಂಟಿಕೊಳ್ಳುತ್ತಿತ್ತು. ಅವರು ಕಡೆಯ ಬಾರಿ ಎಳೆದ ಗೀಟು ಈಗಲೂ ಹಾಗೇ ಇತ್ತು, ಅವರ ಬೆರಳಿನಷ್ಟೇ ಅಗಲ. ಪರಿಮಳ ಮಾತ್ರ ಎಂದೋ ಹೋಗಿತ್ತು. ನಾನು ಆ ಗಾಜನ್ನು ಒರೆಸುತ್ತಿರಲಿಲ್ಲ. ಮನೆಯಲ್ಲಿ ನಾನು ಒರೆಸದೆ ಬಿಟ್ಟ ವಸ್ತು ಅದೊಂದೇ.

ಈ ಸಲ ಬೇಸಿಗೆ ಮುಗಿಯುವ ಹೊತ್ತಿಗೆ ಕೊಡಿಗೇನಹಳ್ಳಿಯಿಂದ ನಾದಿನಿ ನಾಲ್ಕು ದಿನ ಇದ್ದು ಹೋಗಲು ಬಂದಿದ್ದಳು. ಯಜಮಾನರ ತಂಗಿ. ಅವಳ ಗಂಡನೂ ಇಲ್ಲ. ಸಂಜೆ ಎಂದಿನಂತೆ ಆಂಪ್ಲಿಫೈಯರ್ ಹಚ್ಚಿ, ಕೊಳಲಿನ ರೆಕಾರ್ಡು ಇಟ್ಟು ಅಡುಗೆಮನೆಗೆ ಹೋದೆ. ನಾದ ಮೇಲೇರಿದ ಕಡೆ ಒಡೆದು ಕರಕರ ಎನ್ನತೊಡಗಿತು.

‘ಅತ್ತಿಗೇ, ಬಾ ಇಲ್ಲಿ. ಅಣ್ಣನ ಪೆಟ್ಟಿಗೆ ಕೆಮ್ತಾ ಐತೆ!’

‘ಕೆಮ್ಮಲಿ. ಮೊದಲು ಸ್ವಿಚ್ ಆಫ್ ಮಾಡು.’

‘ನಾನು ಮುಟ್ಟಕ್ಕಿಲ್ಲಪ್ಪ. ಶಾಕ್ ಹೊಡ್ದು ನಾನೂ ಅಣ್ಣನ ತಾವ್ಕೆ ಹೋಗ್ಬೇಕಾ?’

ನಾನೇ ಆಫ್ ಮಾಡಿದೆ. ಆರುವ ತನಕ ಕಾದು ನೋಡಿದೆ. ಶಬ್ದಕ್ಕೆ ಬಲ ಕೊಡುವ ದೊಡ್ಡ ವಾಲ್ವುಗಳು ಅದರಲ್ಲಿ ಎರಡು. ಅವುಗಳಲ್ಲೊಂದು ಸೋತಿದೆ ಎಂದು ಅಂದಾಜಾಯಿತು. ಮರುದಿನ ಬೆಳಿಗ್ಗೆ ಆ ಎರಡನ್ನೂ ಡಬ್ಬಿಯಲ್ಲಿದ್ದ ಹಳೆಯವನ್ನೂ ಹತ್ತಿಯಲ್ಲಿ ಸುತ್ತಿ, ಮೇಲೆ ಗಾಯಕ್ಕೆ ಸುತ್ತುವ ಗಾಜ್ ಬಟ್ಟೆ ಕಟ್ಟಿ, ಟಿಫನ್ ಕ್ಯಾರಿಯರಿನಲ್ಲಿ ಇಟ್ಟುಕೊಂಡು ಸಿರಾ ಬಸ್ಸು ಹತ್ತಿದೆ. ನಾದಿನಿ ಬಿಡಲಿಲ್ಲ, ಜೊತೆಗೆ ಬಂದಳು. ಬಡವನಹಳ್ಳಿಯಲ್ಲಿ ಬಸ್ಸು ನಿಂತಾಗ ಟಿಫನ್ ಕ್ಯಾರಿಯರ್ ನೋಡಿ, ‘ನಮ್ಮತ್ತಿಗೆ ತಿನ್ನಕ್ಕೇನಾರ ತಂದವಳೆ ಅಂದ್ಕೊಂಡ್ರೆ ಗಾಜು ತಂದವಳೆ’ ಎಂದು ಪಕ್ಕದ ಸೀಟಿನವಳ ಹತ್ತಿರ ದೂರು ಹೇಳಿ, ಕಡಲೆಕಾಯಿ ಕೊಂಡಳು.

ಸಿರಾದ ಅಂಗಡಿ ಮೊದಲು ಬರೀ ರೇಡಿಯೋ ರಿಪೇರಿಯದು. ಈಗ ಮುಂದೆಲ್ಲ ಮಿಕ್ಸಿ, ಫ್ಯಾನು. ವಾಲ್ವು ಕೇಳಿಕೊಂಡು ಹೋದರೆ ಹಿಂದಿನ ಕೋಣೆಗೆ ಕರೆಯುತ್ತಾರೆ. ಅಂಗಡಿಯ ಸಾಹೇಬರೂ ನಮ್ಮ ಯಜಮಾನರೂ ಬಹಳ ಕಾಲದ ಸ್ನೇಹಿತರು. ಇವರು ಸಿರಾಕ್ಕೆ ಹೋದರೆ ಸಂಜೆಯ ಕಡೇ ಬಸ್ಸಿಗೇ ಬರುತ್ತಿದ್ದುದು.

‘ಬನ್ನಿ ಸಿಸ್ಟರಮ್ಮ, ಬನ್ನಿ. ಇವ್ರು ಯಾರು?’

‘ನಮ್ಮ ನಾದಿನಿ.’

‘ಹೇಳೋದೇ ಬೇಡ ಬಿಡಿ. ಅದೇ ಮೂಗು!’

ನಾದಿನಿ ಮೂಗು ಮುಟ್ಟಿ ನೋಡಿಕೊಂಡಳು. ಸಾಹೇಬರು ಗಾಜ್ ಬಟ್ಟೆ ಬಿಚ್ಚಿ, ಹತ್ತಿ ಬಿಚ್ಚಿ, ‘ಯಾ ಅಲ್ಲಾ, ಇವೇನು ವಾಲ್ವೋ ಹಸುಗೂಸೋ?’ ಎಂದು ನಕ್ಕರು. ಒಂದನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಇನ್ನೊಂದನ್ನು ಹಿಡಿದರು. ‘ಒಂದರ ಮೇಲೂ ನಂಬರಿಲ್ಲ!’

‘ನಮ್ಮಣ್ಣ ವರ್ಸಾ ವರ್ಸಾ ಪೂಜೆ ಮಾಡ್ತಿದ್ದ’ ಎಂದಳು ನಾದಿನಿ ಹೆಮ್ಮೆಯಿಂದ.

‘ಪೂಜೆ ಮಾಡ್ಲಿ ತಾಯಿ. ಸ್ನಾನ ಯಾಕೆ ಮಾಡಿಸ್ಬೇಕಿತ್ತು?’

ಅವರ ಬಳಿ ಒಂದು ಹಳೇ ಮೈಕ್ ಸೆಟ್ಟಿತ್ತು, ಇದೇ ಬಗೆಯ ವಾಲ್ವು ಹಿಡಿಸುವಂಥದ್ದು. ಅದಕ್ಕೆ ಒಂದೊಂದನ್ನೇ ಸಿಕ್ಕಿಸಿ, ಮೀಟರಿನ ಮುಳ್ಳು ನೋಡುತ್ತ ಹೋದರು. ಡಬ್ಬಿಯ ಕೆಲವು ವಾಲ್ವುಗಳಲ್ಲಿ ಜೀವವೇ ಇರಲಿಲ್ಲ. ಬಹುಶಃ ಯಜಮಾನರೇ ಬಳಸಿ ಮುಗಿಸಿದವು. ಇನ್ನು ಕೆಲವಕ್ಕೆ ಗಾಳಿ ಹೊಕ್ಕಿತ್ತು. ವಾಲ್ವಿನ ನೆತ್ತಿಯಲ್ಲಿ ಕನ್ನಡಿಯಂತೆ ಹೊಳೆಯುವ ಲೇಪವಿರುತ್ತದೆ. ಗಾಳಿ ಹೊಕ್ಕರೆ ಅದು ಕಣ್ಣಿನ ಪೊರೆಯಂತೆ ಬೆಳ್ಳಗಾಗುತ್ತದೆ. ಹೊರಗೆ ಗಂಧ ಕುಂಕುಮ ನೆಟ್ಟಗಿತ್ತು, ಒಳಗೆ ಏನೂ ಉಳಿದಿರಲಿಲ್ಲ. ಆಂಪ್ಲಿಫೈಯರಿನಲ್ಲಿದ್ದ ಎರಡರಲ್ಲಿ ಒಂದು ಸೋತಿರುವುದೂ ಖಚಿತವಾಯಿತು.

‘ಇವು ಜೋಡೀಲಿ ಕೆಲಸ ಮಾಡೋವು ಸಿಸ್ಟರಮ್ಮ. ಒಂದು ಹೋಯ್ತು ಅಂದ್ರೆ ಇನ್ನೊಂದನ್ನೂ ತೆಗೀಬೇಕು. ಒಂಟಿಯಾಗಿ ಉಳ್ದಿದ್ದು...’ ಎಂದವರು ಥಟ್ಟನೆ ನಿಲ್ಲಿಸಿ, ಹೊರಗೆ ಮುಖ ಮಾಡಿ, ಶುಂಠಿ ಟೀ ತರಲು ಎದುರು ಅಂಗಡಿಗೆ ಕೂಗಿ ಹೇಳಿದರು.

ನನಗೆ ನಗು ಬಂತು. ‘ಹೇಳಿ ಸಾಹೇಬ್ರೇ, ಒಂಟಿಯಾಗಿ ಉಳಿದದ್ದು ಏನಾಗುತ್ತೆ?’

‘ಭಾರ ಎಲ್ಲ ಅದರ ಮೇಲೇ ಬೀಳುತ್ತೆ’ ಎಂದರು ತಲೆ ಎತ್ತದೆ. ‘ಜಾಸ್ತಿ ಕಾಯುತ್ತೆ.’

‘ಅದ್ನ ಕಲಿಯಕ್ಕೆ ಸಿರಾಕ್ ಬರ್ಬೇಕಿತ್ತಾ’ ಎಂದಳು ನಾದಿನಿ, ಕಡಲೆಕಾಯಿ ಸಿಪ್ಪೆ ಸೆರಗಿಗೆ ಹಾಕಿಕೊಳ್ಳುತ್ತ. ಮೂವರೂ ನಕ್ಕೆವು.

ಟೀ ಕುಡಿದ ಮೇಲೆ ಕ್ಯಾರಿಯರಿನ ತಳದಲ್ಲಿ ಉಳಿದಿದ್ದ, ಡಬ್ಬಿಯ ಕಡೆಯ ವಾಲ್ವನ್ನು ಸಿಕ್ಕಿಸಿದರು. ಮೀಟರಿನ ಮುಳ್ಳು ಎದ್ದಿತು. ಆಂಪ್ಲಿಫೈಯರಿನ ಎರಡರಲ್ಲಿ ಸರಿಯಾಗಿ ಉಳಿದಿದ್ದಕ್ಕೆ ಇದು ಜೋಡಿಯಾಗುವಷ್ಟು ಸಮಕ್ಕೆ ಬಂತು. ಸಾಹೇಬರು ಬೀರುವಿನಿಂದ ಎರಡು ರಟ್ಟಿನ ಪೆಟ್ಟಿಗೆಗಳನ್ನೂ ತೆಗೆದು ಮೇಜಿನ ಮೇಲೆ ಇಟ್ಟರು. ಹೊರದೇಶದಲ್ಲಿ ಈಗ ಹೊಸದಾಗಿ ಮಾಡುತ್ತಿರುವ ವಾಲ್ವುಗಳು. ಗಾಜು ಥಳಥಳ, ನಂಬರು ದಪ್ಪಗೆ.

‘ಎರಡೂ ಜೋಡಿ ಕೇಳಿ. ಆಮೇಲೆ ಹೇಳಿ.’

ಮೊದಲು ಹಳೆಯ ಜೋಡಿ. ಅವರ ಮೊಬೈಲಿನಿಂದ ಯಾವುದೋ ವೀಣೆ. ನಾದ ದುಂಡಗೆ, ಸ್ವಲ್ಪ ಮಂದವಾಗಿ, ಹಿಂದೆ ಆ ಗುಂಯ್ ಸದ್ದನ್ನು ಹೊತ್ತುಕೊಂಡು ಬಂತು. ವೀಣೆ ಯಾರದೋ, ಮೈಕ್ ಸೆಟ್ಟು ಯಾರದೋ, ಊರು ಸಿರಾ. ಆದರೂ ನಾನು ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತಿದ್ದೆ, ಕೈಯಲ್ಲಿ ಚೀಲ, ಕಾಲಲ್ಲಿ ಡ್ಯೂಟಿಯ ಬಿಳಿ ಚಪ್ಪಲಿ.

ಆಮೇಲೆ ಹೊಸ ಜೋಡಿ. ಹಿಂದಿನ ಸದ್ದು ಇಲ್ಲವೇ ಇಲ್ಲ. ತಂತಿಯ ಮೇಲೆ ಉಗುರು ತಾಗಿದ್ದೂ ಕೇಳಿಸಿತು. ತೊಳೆದಿಟ್ಟ ಪಾತ್ರೆಯಂತೆ ಶುಭ್ರವಾಗಿತ್ತು. ನಾನು ಬಾಳೆಲ್ಲ ಇಷ್ಟಪಟ್ಟದ್ದು ಅಂಥ ಶುಭ್ರತೆಯನ್ನೇ. ಆದರೂ ಅದು ನನ್ನನ್ನು ಎಲ್ಲಿಗೂ ಕರೆದೊಯ್ಯಲಿಲ್ಲ. ಸಿರಾದಲ್ಲೇ ಕೂರಿಸಿತ್ತು.

‘ಹೊಸವು ಹಾಕಿದ್ರೆ ವರ್ಷಗಟ್ಲೆ ಚಿಂತೆ ಇಲ್ಲ. ಹಳೇವು ಎಷ್ಟು ದಿನ ಬರ್ತಾವೋ ಹೇಳಕ್ಕಾಗಲ್ಲ. ಉರಿದಷ್ಟೂ ಸವೀತಾವೆ’ ಎಂದರು ಸಾಹೇಬರು. ‘ಒಂದು ಮಾತು ನೆನಪಿಟ್ಕೊಳ್ಳಿ. ಒಳಗಿನ ತಗಡು ಕೆಂಪಗೆ ಆದ್ರೆ ಆ ಕ್ಷಣಕ್ಕೆ ಆಫ್ ಮಾಡಿ. ಇಲ್ಲ ಅಂದ್ರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತೆ, ಆಗ ಯಾವ ವಾಲ್ವೂ ಬೇಕಾಗಲ್ಲ.’

ಹೊಸ ಜೋಡಿಯನ್ನು ಕೊಂಡೆ, ಹಳೆಯ ಜೋಡಿಯನ್ನು ಮತ್ತೆ ಹತ್ತಿಯಲ್ಲಿ ಸುತ್ತಿಕೊಂಡೆ. ತೀರ್ಮಾನ ಮಾಡಿರಲಿಲ್ಲ.

ಬಸ್ಸಿನಲ್ಲಿ ನಾದಿನಿ ಶುರುಮಾಡಿದಳು. ‘ಹೊಸಾವ್ನ ಹಾಕ್ಬುಡು ಅತ್ತಿಗೆ. ಅಣ್ಣ ಕೈಯಾರೆ ಗಂಧ ಇಟ್ಟಿರಾವ್ನ ದೇವ್ರ ಮನೇಲಿ ಮಡಗಾನ.’

‘ದೇವರ ಮನೆಯಲ್ಲಿ ವಾಲ್ವಾ?’

‘ಯಾಕೆ? ಮಾವನ ಕೋಲು ಮಡಗಿಲ್ವಾ ನಮ್ಮನೇಲಿ? ನೀನೋ ಆಸ್ಪತ್ರೆಯೋಳು, ಎಲ್ಲಾನೂ ತೊಳ್ದು ಬಿಸಾಕ್ತೀಯ.’

‘ನಾನು ಅದನ್ನ ಒರೆಸಿಯೇ ಇಲ್ಲ ಕಣೇ’ ಎಂದೆ. ಅವಳು ನನ್ನ ಮುಖ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಸುಲಿದ ಕಡಲೆಬೀಜ ನನ್ನ ಅಂಗೈಗೆ ಹಾಕಿದಳು.

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹಳೆಯ ಜೋಡಿಯನ್ನು ಎತ್ತಿಟ್ಟರೆ ಅವರ ಬೆರಳ ಗೀಟು ನನ್ನ ಕಾಲ ಮುಗಿಯುವವರೆಗೂ ಇರುತ್ತದೆ, ನಾದ ಇರುವುದಿಲ್ಲ. ಉರಿಸಿದರೆ ಆ ನಾದ ಸಿಗುತ್ತದೆ, ಸಿಕ್ಕಿದಷ್ಟೂ ಕಡಿಮೆಯಾಗುತ್ತದೆ. ಎರಡು ದಿನ ಆಂಪ್ಲಿಫೈಯರ್ ಹಚ್ಚಲಿಲ್ಲ. ಕಾಫಿ ಕೈಯಲ್ಲಿ ಹಿಡಿದು ಏನು ಮಾಡಬೇಕೆಂದು ತೋಚದೆ ಎರಡು ಸಂಜೆಯೂ ಹಿತ್ತಲಿನ ಬಟ್ಟೆ ಮಡಿಸಿದೆ. ಆಸ್ಪತ್ರೆಯಲ್ಲಿ ಬೀರುವಿನ ಔಷಧಿಯ ಜವಾಬ್ದಾರಿ ನನ್ನದಾಗಿತ್ತು. ಬೇಕಾಗಬಹುದೆಂದು ಜೋಪಾನ ಮಾಡಿ ಮಾಡಿ ಅವಧಿ ಮೀರಿದ್ದನ್ನು ತೆಗೆದು ಸುಡುವಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಡಬ್ಬಿಯಲ್ಲೇ ಕುಳಿತು ಬೆಳ್ಳಗಾದ ಆ ವಾಲ್ವುಗಳು ಕಣ್ಣ ಮುಂದೆ ಬಂದವು. ಮೂರನೆಯ ಸಂಜೆ ಹಳೆಯ ಜೋಡಿಯನ್ನೇ ಸಿಕ್ಕಿಸಿದೆ.

‘ಸುಟ್ಟಾಕ್ಬುಟ್ಟೆ ಅಂತ ತಿಳ್ಕೊ’ ಎಂದು ಮುಖ ಊದಿಸಿಕೊಂಡ ನಾದಿನಿ ಮಾರನೆಯ ದಿನ ಊರಿಗೆ ಹೋದಳು.

ಮಳೆಗಾಲವೆಲ್ಲ ಕೇಳಿದೆ. ಮೊದಲು ಸೊಪ್ಪು ಬಿಡಿಸುತ್ತ ಕೇಳುತ್ತಿದ್ದವಳು ಈಗ ಬೇರೇನೂ ಮಾಡದೆ ಕುಳಿತು ಕೇಳಿದೆ. ಅವರು ಹಾಗೆ ಕುಳಿತಿರುತ್ತಿದ್ದಾಗ ‘ಕೈಗೆ ಕೆಲಸವಿಲ್ಲವೇ’ ಎಂದು ರೇಗಿಸುತ್ತಿದ್ದೆ. ಆಯುಧಪೂಜೆಯ ದಿನ ಗಂಧ ತೇಯ್ದೆ. ವಾಲ್ವುಗಳನ್ನು ಕಿತ್ತು ಪೇಪರಿನ ಮೇಲೆ ಇಟ್ಟೆ. ಒರೆಸದೆ ಹಚ್ಚಿದರೆ ಹೊಸ ಗಂಧ ನಿಲ್ಲುವುದಿಲ್ಲ. ಒರೆಸಿದರೆ ಅವರ ಗೀಟು ಹೋಗುತ್ತದೆ. ಬೆರಳಿನಲ್ಲಿ ಗಂಧ ಒಣಗುವ ತನಕ ಕುಳಿತಿದ್ದೆ. ಕಡೆಗೆ ಆಂಪ್ಲಿಫೈಯರಿನ ಕಬ್ಬಿಣದ ಮುಚ್ಚಳಕ್ಕೆ ಹಚ್ಚಿದೆ. ಮುಚ್ಚಳ ಅಷ್ಟು ಕಾಯುವುದಿಲ್ಲ. ಪರಿಮಳ ಬರಲಿಲ್ಲ.

ದೀಪಾವಳಿ ಕಳೆದು ಚಳಿ ಹಿಡಿದ ಮೇಲೆ ಒಂದು ಸಂಜೆ, ಕೊಳಲು ನಡುವಿನ ಘಟ್ಟಕ್ಕೆ ಬಂದಿದ್ದಾಗ, ವಾಲ್ವಿನ ಒಳಗಿನ ತಗಡು ಕೆಂಪೇರಿದ್ದು ಕಂಡಿತು. ಮುಗಿಯುವವರೆಗೆ ಕೇಳಬೇಕೆಂದು ಮನಸ್ಸು ಅಂದುಕೊಳ್ಳುವಷ್ಟರಲ್ಲಿ ಕೈ ಸ್ವಿಚ್ ಆರಿಸಿಯಾಗಿತ್ತು. ವಾರ್ಡಿನಲ್ಲಿ ಪಳಗಿದ ಕೈ, ಮನಸ್ಸನ್ನು ಕೇಳುವುದಿಲ್ಲ. ರೆಕಾರ್ಡು ಮಾತ್ರ ಸದ್ದಿಲ್ಲದೆ ತಿರುಗುತ್ತಿತ್ತು. ಗಾಜು ಆರಿದ ಮೇಲೆ ಎರಡನ್ನೂ ಕಿತ್ತು ಸೆರಗಿನಲ್ಲಿ ಹಿಡಿದು ಕುಳಿತೆ. ಆಮೇಲೆ ಹತ್ತಿಯಲ್ಲಿ ಸುತ್ತಿದೆ. ಕೊಡಿಗೇನಹಳ್ಳಿಯ ದೇವರ ಮನೆಗೆ ಹೋಗಲಿ ಎಂದು ತೆಗೆದಿಟ್ಟೆ. ಅವಳೂ ಒಡಹುಟ್ಟಿದವಳು, ಅವಳಿಗೂ ಏನಾದರೂ ಬೇಕಲ್ಲ.

ಮರುದಿನ ಸಂಜೆ ಹೊಸ ಜೋಡಿ ಸಿಕ್ಕಿಸಿ ಹಚ್ಚಿದೆ. ಕೆಂಪು ಎಳೆ ಕಂಡಿತು, ಗುಂಯ್ ಸದ್ದು ಇಲ್ಲ. ಅದೇ ಕೊಳಲಿನ ರೆಕಾರ್ಡು. ಎಷ್ಟು ವರ್ಷ ಕೇಳಿದ್ದೇನೋ, ಯಾವ ಜಾಗದಲ್ಲಿ ಏನು ಬರುತ್ತದೆಂದು ಬಾಯಿಪಾಠ. ಮೇಲಿನ ಸ್ವರ ಹಿಡಿಯುವ ಮೊದಲು ಒಂದು ಬಿಡುವಿದೆ. ಆ ಬಿಡುವಿನಲ್ಲಿ ಕೊಳಲು ನುಡಿಸುವವರು ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು. ಪಕ್ಕದಲ್ಲೇ ಕುಳಿತ ಮನುಷ್ಯ ಉಸಿರೆಳೆದುಕೊಂಡಷ್ಟು ಹತ್ತಿರ. ಬೆಚ್ಚಿದೆ. ನಮ್ಮ ಮನೆಯಲ್ಲಿ ಆ ಉಸಿರು ಅದುವರೆಗೆ ಯಾರಿಗೂ ಕೇಳಿಸಿರಲಿಲ್ಲ.

ನಾದಿನಿಗೆ ಫೋನ್ ಮಾಡಿ, ಸ್ಪೀಕರಿನ ಹತ್ತಿರ ಹಿಡಿದೆ.

‘ಕೇಳಿಸ್ತಾ?’

‘ಏನೋ ಬುಸ್ ಅಂತು. ಹಾವಾ?’

‘ಉಸಿರು ಕಣೇ. ಹೊಸ ವಾಲ್ವು ಹಾಕಿದೆ. ಹಳೆಯವು ಹೋದವು. ನಿನಗೆ ತಂದುಕೊಡುತ್ತೇನೆ.’

ಬೈಯುತ್ತಾಳೆಂದು ಕಾದಿದ್ದೆ. ‘ಅಣ್ಣ ಇದ್ದಿದ್ರೆ ಇಷ್ಟೊತ್ಗೆ ಬೀದಿಯೋರ್ನೆಲ್ಲ ಕರ್ದು ಕೂರಿಸ್ತಿದ್ದ ಕಣತ್ತಿಗೆ’ ಎಂದಳು. ‘ಅವನಿಗೆ ಹೊಸಾದು ಅಂದ್ರೆ ಪ್ರಾಣ. ಹಳೇವ್ನ ಯಾಕ್ ಇಟ್ಕೊಂಡಿದ್ದ? ಆಗ ಹೊಸಾವು ಎಲ್ಲಿ ಸಿಗ್ತಿದ್ವು?’

ಫೋನ್ ಇಟ್ಟ ಮೇಲೆ ಅದೇ ಮಾತು ಉಳಿಯಿತು. ಹೌದು, ಅವರಿಗೆ ಹಳೆಯದರ ಮೋಹವೇ ಇರಲಿಲ್ಲ. ಆ ದುಂಡಗಿನ ಮಂದ ನಾದ ಅವರು ಆರಿಸಿಕೊಂಡದ್ದಲ್ಲ, ಸಿಕ್ಕಿದ್ದರಲ್ಲಿ ಕಟ್ಟಿಕೊಂಡದ್ದು. ಇದನ್ನು ಕೇಳಿದ್ದರೆ ನನ್ನ ಹಿಟ್ಟಿನ ಕೈ ಹಿಡಿದು ಅಡುಗೆಮನೆಯಿಂದ ಎಳೆದುಕೊಂಡು ಬರುತ್ತಿದ್ದರು. ಬೆಳಗಾದರೆ ಸಿರಾ ಬಸ್ಸಿನಲ್ಲಿರುತ್ತಿದ್ದರು. ಹಳೆಯ ಜೋಡಿಯನ್ನು ಉರಿಸಿದ ತಿಂಗಳುಗಳಲ್ಲಿ ನಾನು ಅವರನ್ನು ನೆನೆದದ್ದು ನಿಜ. ಆದರೆ ಅವರು ಇಲ್ಲ ಎಂಬುದು ಇಷ್ಟು ಹತ್ತಿರಕ್ಕೆ ಬಂದದ್ದು, ಅವರು ಕೇಳದೇ ಹೋದ ಆ ಒಂದು ಉಸಿರಿನಲ್ಲಿ.

ರೆಕಾರ್ಡು ಮುಗಿದಿತ್ತು. ಮುಳ್ಳನ್ನು ಎತ್ತಿ, ಅಂದಾಜಿನ ಮೇಲೆ ಮತ್ತೆ ಆ ಜಾಗಕ್ಕೆ ಇಟ್ಟೆ. ಬಿಡುವು ಬಂತು, ಉಸಿರು ಬಂತು, ಸ್ವರ ಮೇಲೇರಿತು. ಅನ್ನಕ್ಕಿಡುವ ಹೊತ್ತು ಮೀರಿತ್ತು. ಇನ್ನೊಂದು ಸಲ ಇಟ್ಟೆ.